ಕಾರ್ಬನ್ ನ್ಯಾನೋಟ್ಯೂಬ್ ಬಳಸಿ ವಿದ್ಯುತ್ ಹರಿಸುವ ನ್ಯಾನೋರಂಧ್ರ ಪಾಲಿಮರ್ ಮಾಡುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಉತ್ತರಗಳು ಪ್ರಯೋಗಾಲಯದಲ್ಲಿ ಈ ವಸ್ತುವನ್ನು ಕೈಯಾರೆ ಮಾಡಲು ಹೊರಟವರಿಗಾಗಿ. ಕಾರ್ಬನ್ ನ್ಯಾನೋಟ್ಯೂಬ್ ಎಂದರೆ ಕಾರ್ಬನ್ ಪರಮಾಣುಗಳ ಅತಿ ಸಣ್ಣ ಕೊಳವೆ. ಪಾಲಿಮರ್ ರಸಾಯನಶಾಸ್ತ್ರ ಸ್ವಲ್ಪ ಗೊತ್ತಿದ್ದರೆ ಸಾಕು. ನನ್ನ ಒಂದು ನಿಲುವು ಉದ್ದಕ್ಕೂ ಕಾಣಿಸುತ್ತದೆ. ಈ ಕೆಲಸದಲ್ಲಿ ರಂಧ್ರಗಳು ಒಂದು ಕಡೆ ಎಳೆದರೆ ವಿದ್ಯುತ್ ಜಾಲ ಇನ್ನೊಂದು ಕಡೆ ಎಳೆಯುತ್ತದೆ. ಎರಡರಲ್ಲಿ ಯಾವುದನ್ನು ಮೊದಲು ಕಟ್ಟುತ್ತೀರಿ ಎಂದು ತೀರ್ಮಾನಿಸಿ, ಆಮೇಲೆ ತಕ್ಕಡಿ ಮುಟ್ಟಿ.

ನ್ಯಾನೋರಂಧ್ರ ಎಂದರೆ ಎಷ್ಟು ಸಣ್ಣದು?

ರಸಾಯನಶಾಸ್ತ್ರದ ಅಂತರರಾಷ್ಟ್ರೀಯ ಸಂಸ್ಥೆ ಐಯುಪಿಎಸಿಯ ಲೆಕ್ಕದಲ್ಲಿ 2 ನ್ಯಾನೋಮೀಟರ್‌ಗಿಂತ ಸಣ್ಣದು ಮೈಕ್ರೋರಂಧ್ರ, 2ರಿಂದ 50ರವರೆಗಿನದು ಮೆಸೋರಂಧ್ರ, 50 ದಾಟಿದ್ದು ಮ್ಯಾಕ್ರೋರಂಧ್ರ. ಸುಮಾರು 100 ನ್ಯಾನೋಮೀಟರ್ ಒಳಗಿನ ಎಲ್ಲವನ್ನೂ ಜನ ನ್ಯಾನೋರಂಧ್ರ ಎನ್ನುತ್ತಾರೆ. ಗಾತ್ರದಷ್ಟೇ ಮುಖ್ಯವಾದ ಇನ್ನೊಂದು ವಿಷಯ ಇದೆ. ರಂಧ್ರಗಳು ಒಂದಕ್ಕೊಂದು ತೆರೆದುಕೊಂಡಿವೆಯೋ, ಒಂಟಿ ಗುಳ್ಳೆಗಳಾಗಿ ಮುಚ್ಚಿಕೊಂಡಿವೆಯೋ? ಶೋಧಕ, ವಿದ್ಯುದ್ವಾರ, ಸೆನ್ಸರ್ ಯಾವುದೇ ಆಗಲಿ, ತೆರೆದ ರಂಧ್ರ ಇಲ್ಲದಿದ್ದರೆ ದ್ರವ ಒಳಗೆ ಹೋಗುವುದೇ ಇಲ್ಲ. ವಸ್ತು ಹಗುರ ಆಗುತ್ತದೆ, ಅಷ್ಟೆ.

ವಿದ್ಯುತ್ ಹರಿಯಲು ನ್ಯಾನೋಟ್ಯೂಬೇ ಯಾಕೆ ಬೇಕು? ಕಾರ್ಬನ್ ಬ್ಲಾಕ್ ಅಗ್ಗ ಅಲ್ವಾ?

ಅಗ್ಗ ಹೌದು. ಆದರೆ ಸಾಮಾನ್ಯ ಕಾರ್ಬನ್ ಬ್ಲಾಕ್ (ಮಸಿಯಂಥ ಕಾರ್ಬನ್ ಪುಡಿ) ಆದರೆ ಹಲವು ಶೇಕಡಾ ಸುರಿಯಬೇಕು, ಕೆಲವೊಮ್ಮೆ ಶೇಕಡಾ 10 ದಾಟಬೇಕು. ಅಷ್ಟು ಪುಡಿ ಸೇರಿದರೆ ರಂಧ್ರದ ವಿನ್ಯಾಸವೇ ಕೆಡುತ್ತದೆ. ಗೋಡೆ ಪೆಡಸಾಗಿ ಒಡೆಯುತ್ತದೆ.

ನ್ಯಾನೋಟ್ಯೂಬಿನ ಬಲ ಅದರ ಆಕಾರದಲ್ಲಿದೆ. ನೆಲದ ಮೇಲೆ ಗೋಲಿಗಳನ್ನು ಚೆಲ್ಲಿ ಈ ಗೋಡೆಯಿಂದ ಆ ಗೋಡೆಗೆ ಸರಪಳಿ ಆಗಬೇಕೆಂದರೆ ನೆಲ ತುಂಬ ಗೋಲಿ ಬೇಕು. ಅದೇ ಉದ್ದನೆಯ ಕಡ್ಡಿಗಳನ್ನು ಚೆಲ್ಲಿದರೆ ಸ್ವಲ್ಪದರಲ್ಲೇ ಒಂದರ ಮೇಲೊಂದು ಬಿದ್ದು ದಾರಿ ಆಗಿಬಿಡುತ್ತದೆ. ಟ್ಯೂಬಿನ ದಪ್ಪ ಕೆಲವು ನ್ಯಾನೋಮೀಟರ್, ಉದ್ದ ಕೆಲವು ಮೈಕ್ರೋಮೀಟರ್. ಅಂದರೆ ಉದ್ದ ದಪ್ಪದ 1000 ಪಟ್ಟು ಇರುವುದು ಸಾಮಾನ್ಯ.

ಪಾಲಿಪೈರೋಲ್, ಪಾಲಿಅನಿಲೀನ್ ಥರದ ತಾನೇ ವಿದ್ಯುತ್ ಹರಿಸುವ ಪಾಲಿಮರ್‌ಗಳೂ ಇವೆ. ಆ ಸಂಶೋಧನೆಗೆ 2000ದಲ್ಲಿ ಹೀಗರ್, ಮ್ಯಾಕ್‌ಡಿಯರ್ಮಿಡ್, ಶಿರಾಕಾವಾ ಅವರಿಗೆ ನೊಬೆಲ್ ಬಂತು. ಅವುಗಳ ತೊಂದರೆ ಬೇರೆ. ಕ್ಷಾರ ಸೋಕಿದರೆ ಪಾಲಿಅನಿಲೀನ್ ವಾಹಕತೆ ಕಳೆದುಕೊಳ್ಳುತ್ತದೆ. ರಂಧ್ರ ತೆಗೆಯಲು ಎಷ್ಟೋ ಸಲ ಕ್ಷಾರವನ್ನೇ ಬಳಸುತ್ತೇವೆ. ನ್ಯಾನೋಟ್ಯೂಬ್ ಅದಕ್ಕೆ ಜಗ್ಗುವುದಿಲ್ಲ. ಕೆಲವರು ಎರಡನ್ನೂ ಸೇರಿಸುತ್ತಾರೆ: ಒಳಗೆ ಟ್ಯೂಬಿನ ಜಾಲ, ಅದರ ಮೇಲೆ ತೆಳ್ಳಗೆ ಪಾಲಿಪೈರೋಲ್. ಸೂಪರ್‌ಕೆಪಾಸಿಟರ್‌ಗೆ ಅದು ಒಳ್ಳೆಯ ಜೋಡಿ.

ಎಷ್ಟು ನ್ಯಾನೋಟ್ಯೂಬ್ ಹಾಕಬೇಕು?

ಎಲ್ಲರೂ ಮೊದಲು ಕೇಳುವ ಪ್ರಶ್ನೆ ಇದು. ಒಂದೇ ಸಂಖ್ಯೆ ಕೊಡಲು ಆಗುವುದಿಲ್ಲ. ಆದರೆ ಲೆಕ್ಕ ಹಾಕುವ ದಾರಿ ಇದೆ.

ಟ್ಯೂಬ್ ಪ್ರಮಾಣ ಏರಿಸುತ್ತಾ ಹೋದರೆ ವಾಹಕತೆ ನಿಧಾನವಾಗಿ ಏರುವುದಿಲ್ಲ. ಒಂದು ಹಂತದವರೆಗೆ ಏನೂ ಆಗುವುದಿಲ್ಲ. ಆಮೇಲೆ ಒಮ್ಮೆಲೇ ಹಲವು ಹತ್ತುಪಟ್ಟು ಜಿಗಿಯುತ್ತದೆ. ಆ ಹಂತವೇ ಪರ್ಕೊಲೇಶನ್ ಮಿತಿ. ಅಲ್ಲಿ ಮೊದಲ ಬಾರಿಗೆ ಈ ತುದಿಯಿಂದ ಆ ತುದಿಗೆ ದಾರಿ ಕೂಡಿಕೊಳ್ಳುತ್ತದೆ. ಟ್ಯೂಬ್‌ಗಳು ಒಂದನ್ನೊಂದು ಮುಟ್ಟಲೇಬೇಕೆಂದಿಲ್ಲ. ನಡುವೆ ಒಂದೆರಡು ನ್ಯಾನೋಮೀಟರ್ ಪಾಲಿಮರ್ ಇದ್ದರೂ ಎಲೆಕ್ಟ್ರಾನ್ ಸುರಂಗ ಪರಿಣಾಮದಿಂದ ದಾಟುತ್ತದೆ. ಅಂತರ ಇನ್ನೂ ಹೆಚ್ಚಾದರೆ ದಾಟುವ ಸಾಧ್ಯತೆ ಬೇಗ ಬೇಗ ಕುಸಿಯುತ್ತದೆ.

ನೇರವಾದ ಕಡ್ಡಿಗಳು ಚೆನ್ನಾಗಿ ಚದುರಿದ್ದರೆ, ಈ ಮಿತಿ ಹೆಚ್ಚು ಕಡಿಮೆ ದಪ್ಪವನ್ನು ಉದ್ದದಿಂದ ಭಾಗಿಸಿದಷ್ಟು ಇರುತ್ತದೆ. 1000 ಪಟ್ಟು ಉದ್ದದ ಟ್ಯೂಬಿಗೆ ಗಾತ್ರದಲ್ಲಿ ಸುಮಾರು ಶೇಕಡಾ 0.1. ನಿಜದ ಟ್ಯೂಬ್ ಬಾಗಿರುತ್ತದೆ, ಗಂಟಾಗಿರುತ್ತದೆ. ಹಾಗಾಗಿ ಶೇಕಡಾ 0.1ರಿಂದ 2ರವರೆಗೆ ಸರಣಿ ಮಾಡಿ ನೋಡುವುದು ಸರಿ. ತೂಕದ ಶೇಕಡಾವನ್ನೂ ಗಾತ್ರದ ಶೇಕಡಾವನ್ನೂ ಬೆರೆಸಬೇಡಿ. ಪಾಲಿಸ್ಟೈರೀನಿನಲ್ಲಿ ತೂಕದ ಶೇಕಡಾ 1 ಎಂದರೆ ಗಾತ್ರದಲ್ಲಿ ಸುಮಾರು 0.6 ಮಾತ್ರ.

2003ರಲ್ಲಿ ಎಪಾಕ್ಸಿಯಲ್ಲಿ ತೂಕದ ಶೇಕಡಾ 0.0025ರಲ್ಲೇ ಜಾಲ ಕೂಡಿದ ವರದಿ ಬಂತು. ನನಗೆ ಅದರಲ್ಲಿ ಸಂಖ್ಯೆಗಿಂತ ಕಾರಣ ಮುಖ್ಯ ಅನಿಸುತ್ತದೆ. ಅಲ್ಲಿ ಟ್ಯೂಬ್‌ಗಳು ಪೂರ್ತಿ ಸಮನಾಗಿ ಹರಡಿ ಕೂತಿರಲಿಲ್ಲ. ಮೊದಲು ಬಿಡಿಯಾಗಿ, ಆಮೇಲೆ ಕಲಕುವಾಗ ಮತ್ತೆ ಸಡಿಲವಾಗಿ ಕೂಡಿಕೊಂಡವು. ಚದುರಿಸುವುದು ಎಷ್ಟು ಮುಖ್ಯವೋ, ಕೊನೆಯಲ್ಲಿ ಸ್ವಲ್ಪ ಕೂಡಿಕೊಳ್ಳಲು ಬಿಡುವುದೂ ಅಷ್ಟೇ ಮುಖ್ಯ.

ರಂಧ್ರ ಮಾಡುವ ದಾರಿಗಳು ಯಾವುವು?

ಹಲವು ಇವೆ. ಹೆಚ್ಚು ಬಳಕೆಯಲ್ಲಿರುವುದನ್ನಷ್ಟೇ ಹೇಳುತ್ತೇನೆ.

ಅತ್ಯಂತ ಒಪ್ಪವಾದ ರಂಧ್ರ ಕೊಡುವುದು ಬ್ಲಾಕ್ ಕೋಪಾಲಿಮರ್. ಒಂದಕ್ಕೊಂದು ಸೇರದ ಎರಡು ಪಾಲಿಮರ್ ಸರಪಳಿಗಳನ್ನು ತುದಿಯಲ್ಲಿ ಜೋಡಿಸಿರುತ್ತಾರೆ. ಅವು ಬೇರೆಯಾಗಲು ನೋಡುತ್ತವೆ, ಆದರೆ ದೂರ ಹೋಗಲಾರವು. ಹಾಗಾಗಿ ಹತ್ತಾರು ನ್ಯಾನೋಮೀಟರ್ ಅಳತೆಯಲ್ಲಿ ಕೊಳವೆ, ಪದರ, ಗೈರಾಯ್ಡ್ (ಮೂರು ದಿಕ್ಕಿಗೂ ತಿರುಚಿ ಹಬ್ಬಿದ ಜಾಲ) ಥರದ ವಿನ್ಯಾಸ ತಾನಾಗೇ ಮೂಡುತ್ತದೆ. ಆಮೇಲೆ ಒಂದು ಭಾಗವನ್ನು ತೆಗೆದುಹಾಕುತ್ತೇವೆ. ಅದು ಪಾಲಿಲ್ಯಾಕ್ಟೈಡ್ ಆಗಿದ್ದರೆ ನೀರು ಮತ್ತು ಮೆಥನಾಲ್‌ನಲ್ಲಿ ಕರಗಿಸಿದ ಸೋಡಿಯಂ ಹೈಡ್ರಾಕ್ಸೈಡ್ ಸಾಕು. ಪಾಲಿಮೀಥೈಲ್ ಮೆಥಾಕ್ರಿಲೇಟ್ ಆಗಿದ್ದರೆ ಅತಿನೇರಳೆ ಬೆಳಕು ಮತ್ತು ಅಸಿಟಿಕ್ ಆಸಿಡ್. ಪಾಲಿಬ್ಯುಟಡೈಈನ್ ಜೊತೆ ಸಿಲಿಕೋನ್ ಇದ್ದರೆ, ಮೊದಲು ಪಾಲಿಬ್ಯುಟಡೈಈನನ್ನು ಅಡ್ಡಬಂಧಿಸಿ (ಸರಪಳಿಗಳನ್ನು ಒಂದಕ್ಕೊಂದು ಕಟ್ಟಿ), ಆಮೇಲೆ ಫ್ಲೋರೈಡ್ ಲವಣದಿಂದ ಸಿಲಿಕೋನ್ ತೆಗೆಯುತ್ತಾರೆ.

ಇದಕ್ಕೆ ಹತ್ತಿರದ ಇನ್ನೊಂದು ದಾರಿ ನನಗೆ ತುಂಬ ಇಷ್ಟ. 2012ರಲ್ಲಿ ಮಿನ್ನೆಸೋಟ ವಿಶ್ವವಿದ್ಯಾಲಯದ ಮಾರ್ಕ್ ಹಿಲ್‌ಮೈಯರ್ ತಂಡ ತೋರಿಸಿದ್ದು. ಪಾಲಿಲ್ಯಾಕ್ಟೈಡ್ ಸರಪಳಿಯ ತುದಿಯಿಂದಲೇ ಸ್ಟೈರೀನ್ ಮತ್ತು ಡೈವಿನೈಲ್‌ಬೆಂಜೀನ್ ಬೆಳೆಸುತ್ತಾರೆ. ಪ್ರತಿಕ್ರಿಯೆ ನಡೆಯುತ್ತಿರುವಾಗಲೇ ಎರಡೂ ಬೇರೆಯಾಗುತ್ತವೆ. ಅದೇ ಹೊತ್ತಿಗೆ ಅಡ್ಡಬಂಧ ಬಿದ್ದು ವಿನ್ಯಾಸ ಹಾಗೇ ಗಟ್ಟಿಯಾಗುತ್ತದೆ. ಕ್ರಮ ಅಷ್ಟು ಅಚ್ಚುಕಟ್ಟಲ್ಲ, ಆದರೆ ಎರಡೂ ಭಾಗಗಳು ಉದ್ದಕ್ಕೂ ಕೂಡಿಕೊಂಡಿರುತ್ತವೆ. ಶುರುವಿನಲ್ಲಿ ಎಲ್ಲವೂ ದ್ರವ, ಹಾಗಾಗಿ ಟ್ಯೂಬ್ ಬೆರೆಸುವುದು ಸುಲಭ.

ಪಾಲಿಮರ್ ದ್ರಾವಣವನ್ನು ನೀರಿಗೆ ಇಳಿಸಿ ಪೊರೆ ಮಾಡುವ ಫೇಸ್ ಇನ್ವರ್ಷನ್ ದೊಡ್ಡ ಪ್ರಮಾಣಕ್ಕೆ ಸರಿ, ಆದರೆ ರಂಧ್ರದ ಗಾತ್ರ ಹರಡಿಕೊಂಡಿರುತ್ತದೆ. ಒತ್ತಡದ ಕಾರ್ಬನ್ ಡೈಆಕ್ಸೈಡ್‌ನಿಂದ ನೊರೆ ಎಬ್ಬಿಸಿದರೆ ಸಾಮಾನ್ಯವಾಗಿ ಮೈಕ್ರೋಮೀಟರ್ ಗಾತ್ರದ ಗುಳ್ಳೆ ಬರುತ್ತದೆ. ಅದನ್ನು ನ್ಯಾನೋ ಮಟ್ಟಕ್ಕೆ ಇಳಿಸುವುದು ಕಷ್ಟದ ಕೆಲಸ. ಎಮಲ್ಷನ್ ದಾರಿಯೂ ಹಾಗೇ, ದೊಡ್ಡ ರಂಧ್ರ ಕೊಡುತ್ತದೆ.

ಟ್ಯೂಬ್ ರಂಧ್ರಕ್ಕಿಂತ ನೂರು ಪಟ್ಟು ಉದ್ದ ಇರುತ್ತದೆ. ಅದು ಹೇಗೆ ಹಿಡಿಸುತ್ತದೆ?

ಇಡೀ ಕೆಲಸದ ಕಗ್ಗಂಟು ಇಲ್ಲೇ ಇದೆ.

ಬ್ಲಾಕ್ ಕೋಪಾಲಿಮರಿನ ಗೋಡೆ 10 ನ್ಯಾನೋಮೀಟರ್ ದಪ್ಪ ಇದೆ ಎಂದಿಟ್ಟುಕೊಳ್ಳಿ. 15 ನ್ಯಾನೋಮೀಟರ್ ದಪ್ಪದ ಬಹುಗೋಡೆ ಟ್ಯೂಬ್ (ಒಂದರೊಳಗೊಂದು ಕೂತ ಹಲವು ಕೊಳವೆ) ಅದರೊಳಗೆ ಕೂರುವುದೇ ಇಲ್ಲ. ಅದು ಗೋಡೆಯನ್ನೂ ರಂಧ್ರವನ್ನೂ ಸೀಳಿಕೊಂಡು ಹೋಗುತ್ತದೆ. ಸುತ್ತಮುತ್ತ ವಿನ್ಯಾಸ ಕದಡುತ್ತದೆ. 1 ನ್ಯಾನೋಮೀಟರ್ ದಪ್ಪದ ಒಂಟಿಗೋಡೆ ಟ್ಯೂಬ್ ಕೂರಬಹುದು. ಆದರೆ ಅದು ಬಿಡಿಯಾಗಿರಬೇಕು. ಹತ್ತು ಹದಿನೈದು ಸೇರಿ ಕಂತೆಯಾದರೆ ಮತ್ತೆ ಅದೇ ಕತೆ. ಉದ್ದದ ತೊಂದರೆ ಬೇರೆ. ಗೈರಾಯ್ಡ್ ವಿನ್ಯಾಸದ ಗೋಡೆ ಪ್ರತಿ ಕೆಲವು ಹತ್ತು ನ್ಯಾನೋಮೀಟರಿಗೊಮ್ಮೆ ತಿರುಗುತ್ತದೆ. ಟ್ಯೂಬ್ ಅಷ್ಟು ಚೂಪಾಗಿ ಬಾಗುವುದಿಲ್ಲ.

ಹಾಗಾಗಿ ಮೂರು ದಾರಿಗಳಲ್ಲಿ ಒಂದನ್ನು ಆರಿಸಬೇಕಾಗುತ್ತದೆ. ಟ್ಯೂಬ್, ಪಾಲಿಮರ್ ಎರಡನ್ನೂ ಒಟ್ಟಿಗೆ ಬೆರೆಸಿ ಗಟ್ಟಿ ಮಾಡುವುದು ಒಂದು. ಇದು ಸರಳ, ಆದರೆ ಅಲ್ಲಲ್ಲಿ ವಿನ್ಯಾಸ ಕೆಡುವುದನ್ನು ಒಪ್ಪಿಕೊಳ್ಳಬೇಕು. ಟ್ಯೂಬ್ ಶೇಕಡಾ 1ರ ಒಳಗಿದ್ದರೆ ಆ ಕದಡಿದ ಜಾಗ ಒಟ್ಟು ವಸ್ತುವಿನ ಸಣ್ಣ ಪಾಲು, ಬಹಳ ಬಳಕೆಗಳಿಗೆ ಅಡ್ಡಿ ಇಲ್ಲ.

ಎರಡನೆಯದು ರಂಧ್ರ ಮೊದಲು, ಟ್ಯೂಬ್ ಆಮೇಲೆ. ಕೇಳಲು ಚೆನ್ನಾಗಿದೆ. ಆದರೆ 20 ನ್ಯಾನೋಮೀಟರ್ ರಂಧ್ರಕ್ಕೆ ಮೈಕ್ರೋಮೀಟರ್ ಉದ್ದದ ಟ್ಯೂಬ್ ತಳ್ಳಲು ಹೋದರೆ ಅದು ಮೇಲ್ಮೈಯಲ್ಲೇ ಅಡ್ಡ ಬಿದ್ದು ಹಾಸಿಕೊಳ್ಳುತ್ತದೆ. ಮೇಲಿನ ಪದರ ಮಾತ್ರ ವಿದ್ಯುತ್ ಹರಿಸಿದರೆ ಸಾಕು ಎನ್ನುವ ಪೊರೆಗಳಿಗೆ ಇದು ಒಳ್ಳೆಯದೇ. ಒಳಗಿನ ತನಕ ಬೇಕಿದ್ದರೆ ಇದನ್ನು ಬಿಡಿ. ರಂಧ್ರದೊಳಗೇ ಟ್ಯೂಬ್ ಬೆಳೆಸೋಣ ಎಂದರೆ ಅದಕ್ಕೆ ಸಾಮಾನ್ಯವಾಗಿ 600 ಡಿಗ್ರಿ ಸೆಲ್ಸಿಯಸ್ ಮೇಲಿನ ಬಿಸಿ ಬೇಕು. ಅಷ್ಟರಲ್ಲಿ ಪಾಲಿಮರ್ ಸುಟ್ಟು ಹೋಗಿರುತ್ತದೆ.

ಮೂರನೆಯದು ಜಾಲ ಮೊದಲು, ಪಾಲಿಮರ್ ಆಮೇಲೆ. ಟ್ಯೂಬಿನ ಹಾಳೆ ಅಥವಾ ಏರೋಜೆಲ್ (ಗಾಳಿ ತುಂಬಿದ ಹಗುರ ಜಾಲ) ಮಾಡಿಕೊಂಡು, ಅದರ ಎಳೆಗಳ ಮೇಲೆ ರಂಧ್ರವಿರುವ ಪಾಲಿಮರನ್ನು ತೆಳ್ಳಗೆ ಬೆಳೆಸುವುದು. ವಾಹಕತೆಯೇ ಮುಖ್ಯವಾದರೆ ನನ್ನ ಮತ ಇದಕ್ಕೆ. ಟ್ಯೂಬ್ ಟ್ಯೂಬಿನ ನಡುವೆ ಪಾಲಿಮರ್ ನುಗ್ಗುವ ಮೊದಲೇ ಜಾಲ ಕೂಡಿರುತ್ತದೆ. ಅದರ ಬೆಲೆ ಎಂದರೆ ರಂಧ್ರದ ಗಾತ್ರದ ಮೇಲೆ ಹಿಡಿತ ಕಡಿಮೆ, ಟ್ಯೂಬಿನ ಖರ್ಚು ಜಾಸ್ತಿ.

ಒಂಟಿಗೋಡೆ ಟ್ಯೂಬ್ ತರಿಸಲೋ, ಬಹುಗೋಡೆ ತರಿಸಲೋ?

ಶುರುವಿಗೆ ಬಹುಗೋಡೆ. ಬೆಲೆ ಕಡಿಮೆ, ಚದುರಿಸುವುದು ಸುಲಭ, ವಿದ್ಯುತ್ತೂ ನಂಬಿಕೆಯಿಂದ ಹರಿಯುತ್ತದೆ. 1991ರಲ್ಲಿ ಸುಮಿಯೊ ಇಜಿಮಾ ವಿವರಿಸಿದ್ದು ಈ ಬಹುಗೋಡೆ ಬಗೆಯನ್ನೇ. ಒಂಟಿಗೋಡೆಯದು 1993ರಲ್ಲಿ ಬಂತು. ಒಂಟಿಗೋಡೆಯ ಬೆರಕೆಯಲ್ಲಿ ಸುಮಾರು ಮೂರನೇ ಒಂದು ಪಾಲು ಮಾತ್ರ ಲೋಹದ ಗುಣದ್ದು, ಉಳಿದವು ಅರೆವಾಹಕ. ರಂಧ್ರದ ಗೋಡೆ 10 ನ್ಯಾನೋಮೀಟರ್ ಒಳಗಿದ್ದು, ವಿನ್ಯಾಸ ಕೆಡಲೇಬಾರದು ಎಂದಿದ್ದರೆ ಮಾತ್ರ ಒಂಟಿಗೋಡೆಗೆ ಹೋಗಿ.

ತರಿಸುವಾಗ ಉಳಿದ ಲೋಹದ ಪ್ರಮಾಣ ಕೇಳಿ. ಕಬ್ಬಿಣ, ಕೋಬಾಲ್ಟ್, ನಿಕ್ಕಲ್ ಟ್ಯೂಬ್ ಬೆಳೆಸುವಾಗಿನ ವೇಗವರ್ಧಕದಿಂದ ಉಳಿದುಕೊಂಡಿರುತ್ತವೆ. ಸೆನ್ಸರ್, ಬ್ಯಾಟರಿ ಕೆಲಸದಲ್ಲಿ ಅವು ಸುಳ್ಳು ಫಲಿತಾಂಶ ಕೊಡುತ್ತವೆ. ಗಾಳಿಯಲ್ಲಿ 800 ಡಿಗ್ರಿವರೆಗೆ ಸುಟ್ಟು ಉಳಿದ ಬೂದಿ ತೂಗಿದರೆ ಅಂದಾಜು ಸಿಗುತ್ತದೆ.

ಟ್ಯೂಬ್ ಗಂಟುಗಳನ್ನು ಬಿಡಿಸುವುದು ಹೇಗೆ?

ಟ್ಯೂಬ್‌ಗಳ ಮೈ ಉದ್ದಕ್ಕೂ ವಾನ್ ಡರ್ ವಾಲ್ಸ್ ಸೆಳೆತ ಇರುತ್ತದೆ. ಪ್ರತಿ ಜಾಗದಲ್ಲಿ ಸಣ್ಣದು, ಆದರೆ ಮೈಕ್ರೋಮೀಟರ್ ಉದ್ದಕ್ಕೆ ಕೂಡಿದರೆ ದೊಡ್ಡದು. ಸುಮ್ನೆ ಕಲಕಿದರೆ ಬಿಡುವುದಿಲ್ಲ. ಶಬ್ದದ ಅಲೆಯಿಂದ ದ್ರವವನ್ನು ಅದುರಿಸುವ ಸೋನಿಕೇಟರ್ ಬೇಕು, ಜೊತೆಗೆ ಬಿಡಿಯಾದ ಟ್ಯೂಬ್ ಮತ್ತೆ ಅಂಟದಂತೆ ತಡೆಯುವ ಏನಾದರೂ ಬೇಕು.

ನೀರಿನಲ್ಲಾದರೆ ಸೋಡಿಯಂ ಡೋಡೆಸೈಲ್‌ಬೆಂಜೀನ್ ಸಲ್ಫೋನೇಟ್, ಸೋಡಿಯಂ ಕೋಲೇಟ್, ಪ್ಲೂರಾನಿಕ್ ಥರದ ಸೋಪಿನಂಥ ವಸ್ತುಗಳು ಚೆನ್ನಾಗಿ ಕೆಲಸ ಮಾಡುತ್ತವೆ. ಸಾವಯವ ದ್ರಾವಕವಾದರೆ ಎನ್-ಮೀಥೈಲ್ ಪಿರೋಲಿಡೋನ್ ಹೆಸರುವಾಸಿ. ಅದು ಗರ್ಭದ ಮಗುವಿಗೆ ಹಾನಿ ಮಾಡುವ ದ್ರಾವಕ. ಕೈಗವಸು, ಆವಿ ಹೊರಹಾಕುವ ಗಾಳಿಗೂಡು (ಫ್ಯೂಮ್ ಹುಡ್) ಇಲ್ಲದೆ ಮುಟ್ಟಬಾರದು. ಪೈರೀನ್ ಗುಂಪಿರುವ ಪಾಲಿಮರ್ ಟ್ಯೂಬಿನ ಮೈಗೆ ಅಂಟಿಕೊಳ್ಳುತ್ತದೆ, ಅದರ ರಚನೆಯನ್ನೂ ಕೆಡಿಸುವುದಿಲ್ಲ. ನಿಮ್ಮ ಬ್ಲಾಕ್ ಕೋಪಾಲಿಮರಿನ ಒಂದು ಭಾಗಕ್ಕೇ ಪೈರೀನ್ ಕೂರಿಸಿದರೆ ಟ್ಯೂಬ್ ಯಾವ ಭಾಗದಲ್ಲಿ ಕೂರಬೇಕು ಎಂಬುದನ್ನೂ ನೀವೇ ನಿರ್ಧರಿಸಿದಂತೆ. ಉಳಿಯುವ ಭಾಗಕ್ಕೆ ಕೂರಿಸಿ, ಕರಗಿ ಹೋಗುವ ಭಾಗಕ್ಕಲ್ಲ.

ಸೋನಿಕೇಟರ್ ಬಳಸುವಾಗ ಮಂಜುಗಡ್ಡೆಯ ನೀರಿನಲ್ಲಿ ಪಾತ್ರೆ ಇಡಿ. ಬಿಟ್ಟು ಬಿಟ್ಟು ನಡೆಸಿ. ಜಾಸ್ತಿ ಹೊತ್ತು ಬಿಟ್ಟರೆ ಟ್ಯೂಬ್ ತುಂಡಾಗುತ್ತದೆ. ಉದ್ದ ಅರ್ಧ ಆದರೆ ಪರ್ಕೊಲೇಶನ್ ಮಿತಿ ಸುಮಾರು ಎರಡು ಪಟ್ಟು ಏರುತ್ತದೆ. ಸೋನಿಕೇಟರ್ ಕೋಲಿನ ತುದಿಯಿಂದ ಟೈಟಾನಿಯಂ ಕಣಗಳೂ ಉದುರುತ್ತವೆ. ಸೆಂಟ್ರಿಫ್ಯೂಜ್ ತಿರುಗಿಸಿದರೆ ಅವೂ ಬಿಡದ ಗಂಟುಗಳೂ ತಳಕ್ಕೆ ಕೂರುತ್ತವೆ. ಆದರೆ ಆಗ ಮೇಲಿನ ದ್ರವದಲ್ಲಿ ಎಷ್ಟು ಟ್ಯೂಬ್ ಉಳಿದಿದೆ ಎಂದು ಮತ್ತೆ ಅಳೆಯಬೇಕು. ಹಾಕಿದ ತೂಕವನ್ನೇ ಬರೆದುಕೊಂಡು ಹೋದರೆ ನಿಮ್ಮ ಇಡೀ ಸರಣಿ ತಪ್ಪಾಗುತ್ತದೆ.

ಒಂದು ಹನಿಯನ್ನು ಗಾಜಿನ ಪಟ್ಟಿಗಳ ನಡುವೆ ಹಾಕಿ ಸಾಮಾನ್ಯ ಸೂಕ್ಷ್ಮದರ್ಶಕದಲ್ಲಿ ನೋಡಿ. ಕಪ್ಪು ಚುಕ್ಕೆಗಳು ಕಂಡರೆ ಮುಂದೆ ಹೋಗಬೇಡಿ.

ಆಸಿಡ್‌ನಲ್ಲಿ ಕುದಿಸಿದರೆ ಬೇಗ ಚದುರುತ್ತದೆ ಎನ್ನುತ್ತಾರೆ. ಮಾಡಬಹುದೇ?

ಸಲ್ಫ್ಯೂರಿಕ್ ಮತ್ತು ನೈಟ್ರಿಕ್ ಆಸಿಡ್ 3:1 ಬೆರಕೆ ಹಳೆಯ ವಿಧಾನ. ಟ್ಯೂಬಿನ ಮೇಲೆ ಕಾರ್ಬಾಕ್ಸಿಲ್ ಗುಂಪುಗಳು ಬರುತ್ತವೆ, ಚದುರುವುದು ಸುಲಭ ಆಗುತ್ತದೆ. ಆದರೆ ಪ್ರತಿ ಗುಂಪೂ ಎಲೆಕ್ಟ್ರಾನ್ ದಾರಿಯಲ್ಲಿ ಒಂದು ಗಾಯ. ಟ್ಯೂಬ್ ಗಿಡ್ಡವೂ ಆಗುತ್ತದೆ. ವಾಹಕತೆಯೇ ಗುರಿಯಾದರೆ ನಾನು ಇದನ್ನು ಸಲಹೆ ಮಾಡುವುದಿಲ್ಲ. ಮಾಡಿದರೆ ರಾಮನ್ ವರ್ಣಪಟಲದಲ್ಲಿ ಸೆಂಟಿಮೀಟರಿಗೆ 1350ರ ಆಸುಪಾಸಿನ ಡಿ ಪಟ್ಟಿ ಮತ್ತು 1580ರ ಆಸುಪಾಸಿನ ಜಿ ಪಟ್ಟಿಯ ಅನುಪಾತವನ್ನು ಮೊದಲೂ ಆಮೇಲೂ ನೋಡಿ. ಡಿ ಏರಿದಷ್ಟೂ ಹಾನಿ.

ಟ್ಯೂಬ್ ಹಾಕಿದ ಮೇಲೆ ಪಾಲಿಮರ್ ಸರಿಯಾಗಿ ಗಟ್ಟಿಯಾಗುತ್ತಿಲ್ಲ. ಯಾಕೆ?

ಎರಡು ಕಾರಣ ಇರಬಹುದು. ಬೆಳಕಿನಿಂದ ಗಟ್ಟಿ ಮಾಡುತ್ತಿದ್ದರೆ, ಟ್ಯೂಬ್ ಅತಿನೇರಳೆ ಬೆಳಕನ್ನು ಹೀರಿಕೊಳ್ಳುತ್ತದೆ. ಮೇಲಿನ ಪದರ ಗಟ್ಟಿ, ಒಳಗೆ ಅಂಟು. ಬಿಸಿಯಿಂದ ಪ್ರತಿಕ್ರಿಯೆ ಶುರು ಮಾಡುವ ಆರಂಭಕಕ್ಕೆ ಬದಲಾಯಿಸಿ. ಎರಡನೆಯದು, ಟ್ಯೂಬಿನ ಮೈ ಫ್ರೀ ರ‍್ಯಾಡಿಕಲ್‌ಗಳನ್ನು ಹಿಡಿದುಕೊಳ್ಳುತ್ತದೆ. ಪ್ರತಿಕ್ರಿಯೆ ತಡವಾಗುತ್ತದೆ, ಅಡ್ಡಬಂಧ ಕಡಿಮೆ ಬೀಳುತ್ತದೆ. ಆರಂಭಕವನ್ನು ಸ್ವಲ್ಪ ಹೆಚ್ಚಿಸಿ, ಹೊತ್ತು ಜಾಸ್ತಿ ಕೊಡಿ. ಅಡ್ಡಬಂಧ ಕಡಿಮೆಯಾದರೆ ಗೋಡೆ ಮೆತ್ತಗಾಗುತ್ತದೆ, ಮುಂದೆ ಒಣಗಿಸುವಾಗ ರಂಧ್ರ ಕುಸಿಯುತ್ತದೆ. ಇದನ್ನು ಕಡೆಗಣಿಸಬೇಡಿ.

ಒಣಗಿಸಿದ ಮೇಲೆ ರಂಧ್ರವೇ ಕಾಣುತ್ತಿಲ್ಲ. ಎಲ್ಲಿ ಹೋಯಿತು?

ದ್ರವ ಆರುವಾಗ ರಂಧ್ರದ ಬಾಯಲ್ಲಿ ಬಾಗಿದ ಮೇಲ್ಮೈ ಆಗುತ್ತದೆ. ಅದು ಗೋಡೆಗಳನ್ನು ಒಳಕ್ಕೆ ಎಳೆಯುತ್ತದೆ. ಎಷ್ಟು ಬಲ ಎಂದು ಲೆಕ್ಕ ಹಾಕಿದರೆ ದಿಗಿಲಾಗುತ್ತದೆ. ಮೇಲ್ಮೈ ಎಳೆತವನ್ನು ಎರಡರಿಂದ ಗುಣಿಸಿ ತ್ರಿಜ್ಯದಿಂದ ಭಾಗಿಸಬೇಕು. ನೀರಿನ ಎಳೆತ ಮೀಟರಿಗೆ 0.072 ನ್ಯೂಟನ್. ತ್ರಿಜ್ಯ 5 ನ್ಯಾನೋಮೀಟರ್ ಇದ್ದು, ನೀರು ಗೋಡೆಯನ್ನು ಪೂರ್ತಿ ಒದ್ದೆ ಮಾಡಿದರೆ ಒತ್ತಡ ಸುಮಾರು 29 ಮೆಗಾಪಾಸ್ಕಲ್. ವಾತಾವರಣದ ಒತ್ತಡದ 280 ಪಟ್ಟಿಗೂ ಹೆಚ್ಚು! ಮೆತ್ತನೆಯ ಪಾಲಿಮರ್ ಅದನ್ನು ತಡೆಯುವುದಿಲ್ಲ.

ಪರಿಹಾರ ಮೂರು ಕಡೆಯಿಂದ ಬರುತ್ತದೆ. ಮೊದಲು ನೀರನ್ನು ಎಥನಾಲ್‌ಗೆ, ಆಮೇಲೆ ಹೆಕ್ಸೇನ್‌ಗೆ ಹಂತ ಹಂತವಾಗಿ ಬದಲಿಸಿ. ಹೆಕ್ಸೇನಿನ ಎಳೆತ ನೀರಿನ ಕಾಲು ಭಾಗ. ಆದರೆ ನಿಮ್ಮ ಪಾಲಿಮರ್ ಹೆಕ್ಸೇನಿನಲ್ಲಿ ಊದಿಕೊಳ್ಳುವುದಿಲ್ಲ ಎಂದು ನೋಡಿಕೊಳ್ಳಿ. ಅದಕ್ಕಿಂತ ಖಚಿತವಾದದ್ದು ಸೂಪರ್‌ಕ್ರಿಟಿಕಲ್ ಕಾರ್ಬನ್ ಡೈಆಕ್ಸೈಡ್‌ನಲ್ಲಿ ಒಣಗಿಸುವುದು. 31 ಡಿಗ್ರಿ ಸೆಲ್ಸಿಯಸ್ ಮತ್ತು 7.4 ಮೆಗಾಪಾಸ್ಕಲ್ ದಾಟಿದರೆ ದ್ರವ ಅನಿಲ ಎನ್ನುವ ಗಡಿಯೇ ಇಲ್ಲ, ಹಾಗಾಗಿ ಎಳೆತವೂ ಇಲ್ಲ. ಮೂರನೆಯದು ಗೋಡೆಯನ್ನೇ ಗಟ್ಟಿ ಮಾಡುವುದು: ಅಡ್ಡಬಂಧ ಹೆಚ್ಚಿಸಿ. ಟ್ಯೂಬ್ ಇಲ್ಲಿ ನೆರವಿಗೂ ಬರುತ್ತದೆ. ಗೋಡೆಯೊಳಗೆ ಹಬ್ಬಿದ ಜಾಲ ಸ್ವಲ್ಪ ಮಟ್ಟಿಗೆ ಕುಸಿತ ತಡೆಯುತ್ತದೆ.

ರಂಧ್ರ ಜಾಸ್ತಿಯಾದರೆ ವಾಹಕತೆ ಎಷ್ಟು ಇಳಿಯುತ್ತದೆ?

ಅಂದಾಜಿಗೆ ಬ್ರುಗ್ಮನ್ ಲೆಕ್ಕ ಸಾಕು. ಉಳಿದ ಗಟ್ಟಿ ಭಾಗದ ಪಾಲನ್ನು 1.5 ಘಾತಕ್ಕೇರಿಸಿ. ಅರ್ಧದಷ್ಟು ರಂಧ್ರವಿದ್ದರೆ ವಾಹಕತೆ ಅರ್ಧ ಅಲ್ಲ, ಸುಮಾರು ಶೇಕಡಾ 35ಕ್ಕೆ ಇಳಿಯುತ್ತದೆ. ವಿದ್ಯುತ್ ಸುತ್ತು ದಾರಿ ಹಿಡಿಯಬೇಕಲ್ಲ. ಆದರೆ ಟ್ಯೂಬ್ ಎಲ್ಲ ಗೋಡೆಯಲ್ಲೇ ಒತ್ತಾಗಿ ಸೇರಿಕೊಂಡರೆ ಕತೆ ಬದಲಾಗುತ್ತದೆ. ಗೋಡೆಯೊಳಗೆ ಟ್ಯೂಬಿನ ಸಾಂದ್ರತೆ ಏರುವುದರಿಂದ, ಒಟ್ಟು ಗಾತ್ರದ ಮೇಲೆ ಲೆಕ್ಕ ಹಾಕಿದರೆ ಪರ್ಕೊಲೇಶನ್ ಮಿತಿ ಕೆಳಗೆ ಬರುತ್ತದೆ. ರಂಧ್ರ ನಿಮ್ಮ ಪರವಾಗಿ ಕೆಲಸ ಮಾಡುವ ಒಂದೇ ಸಂದರ್ಭ ಇದು. ಇದನ್ನು ಗುರಿಯಾಗಿಟ್ಟುಕೊಂಡೇ ವಿನ್ಯಾಸ ಮಾಡಿ.

ರಂಧ್ರ ಅಳೆಯುವುದು ಹೇಗೆ?

ಮೈನಸ್ 196 ಡಿಗ್ರಿಯಲ್ಲಿ ನೈಟ್ರೋಜನ್ ಹೀರಿಕೆ ಮೊದಲ ಆಯ್ಕೆ. ಟ್ಯೂಬಿಗೂ ತನ್ನದೇ ಮೇಲ್ಮೈ ಇರುತ್ತದೆ, ಗ್ರಾಮಿಗೆ ನೂರಾರು ಚದರ ಮೀಟರ್ ಇರಬಹುದು. ಹಾಗಾಗಿ ಬರೀ ಟ್ಯೂಬ್ ಮತ್ತು ಬರೀ ಪಾಲಿಮರ್ ಎರಡನ್ನೂ ಬೇರೆಯಾಗಿ ಅಳೆದಿಡಿ. ಪಾದರಸ ತುಂಬುವ ವಿಧಾನ ಸಣ್ಣ ರಂಧ್ರಕ್ಕೆ ಭಾರಿ ಒತ್ತಡ ಹಾಕುತ್ತದೆ. ಮೆತ್ತನೆಯ ಮಾದರಿಯನ್ನು ಅಳೆಯುವ ಬದಲು ಜಜ್ಜಿಬಿಡುತ್ತದೆ. ಕ್ರಮಬದ್ಧ ವಿನ್ಯಾಸ ಉಳಿದಿದೆಯೇ ಎಂದು ತಿಳಿಯಲು ಸಣ್ಣ ಕೋನದ ಎಕ್ಸ್-ರೇ ಚದುರಿಕೆಗಿಂತ ಒಳ್ಳೆಯದಿಲ್ಲ. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಒಂದು ಚುಕ್ಕೆ ಜಾಗ ತೋರಿಸಿದರೆ ಇದು ಇಡೀ ಮಾದರಿಯ ಸರಾಸರಿ ಕೊಡುತ್ತದೆ.

ವಾಹಕತೆ ಅಳೆಯುವಾಗ ಏನು ಗಮನಿಸಬೇಕು?

ನಾಲ್ಕು ತುದಿಯ ವಿಧಾನ ಬಳಸಿ. ಎರಡೇ ತುದಿಯಿಂದ ಅಳೆದರೆ ಸಂಪರ್ಕದ ರೋಧವೂ ಸೇರಿಕೊಳ್ಳುತ್ತದೆ. ಬೆಳ್ಳಿ ಪೇಸ್ಟ್ ಹಚ್ಚುವವರು ಒಂದು ವಿಷಯ ಮರೆಯುತ್ತಾರೆ. ಅದು ರಂಧ್ರದೊಳಗೆ ಇಳಿಯುತ್ತದೆ. ತೆಳ್ಳನೆಯ ಪೊರೆಯಾದರೆ ಈ ಬದಿಯಿಂದ ಆ ಬದಿಗೆ ಬೆಳ್ಳಿಯೇ ದಾರಿ ಮಾಡಿಕೊಟ್ಟು, ಅದ್ಭುತ ವಾಹಕತೆ ಬಂತು ಎಂದು ನಂಬಿಸುತ್ತದೆ.

ಎರಡು ದಿಕ್ಕಿನಲ್ಲೂ ಅಳೆಯಿರಿ. ದ್ರಾವಣ ಸುರಿದು ಮಾಡಿದ ಪೊರೆಯಲ್ಲಿ ಟ್ಯೂಬ್‌ಗಳು ಮಲಗಿರುತ್ತವೆ. ಮೇಲ್ಮೈಗೆ ಸಮಾನಾಂತರವಾಗಿ ಚೆನ್ನಾಗಿ ಹರಿಯುವ ವಿದ್ಯುತ್ ದಪ್ಪದ ದಿಕ್ಕಿನಲ್ಲಿ ತೀರಾ ಕಡಿಮೆ ಇರಬಹುದು.

ಇನ್ನೊಂದು ಮೋಸ ತೇವದಿಂದ. ರಂಧ್ರದಲ್ಲಿ ನೀರು ಮತ್ತು ಉಳಿದ ಸೋಡಿಯಂ ಲವಣ ಇದ್ದರೆ ಅಯಾನುಗಳು ವಿದ್ಯುತ್ ಹರಿಸುತ್ತವೆ. ನೇರ ವಿದ್ಯುತ್ ಕೊಟ್ಟು ಕೆಲವು ನಿಮಿಷ ಕಾಯಿರಿ. ಪ್ರವಾಹ ಇಳಿಯುತ್ತಾ ಹೋದರೆ ಅಯಾನು ಎಂದು ಅನುಮಾನಿಸಿ. ನಿಂತಲ್ಲೇ ನಿಂತರೆ ಎಲೆಕ್ಟ್ರಾನ್.

ಎಷ್ಟು ವಾಹಕತೆ ಬಂದರೆ ಸಾಕು?

ಬಳಕೆಯ ಮೇಲೆ ಹೋಗುತ್ತದೆ. ಸ್ಥಿರ ವಿದ್ಯುತ್ ಕೂಡದಿರಲು ಮೀಟರಿಗೆ 10ರ ಮೈನಸ್ 6ನೇ ಘಾತ ಸೀಮನ್ಸ್ ಇದ್ದರೂ ಆಗುತ್ತದೆ. ವಿದ್ಯುತ್ಕಾಂತ ಅಲೆ ತಡೆಯಲು ಮೀಟರಿಗೆ 1 ಸೀಮನ್ಸ್ ಅಥವಾ ಹೆಚ್ಚು ಬೇಕು. ವಿದ್ಯುದ್ವಾರಕ್ಕೆ ಇನ್ನೂ ಜಾಸ್ತಿ. ಒಂಟಿ ಟ್ಯೂಬಿನ ವಾಹಕತೆ ಲಕ್ಷ, ದಶಲಕ್ಷದ ಲೆಕ್ಕದಲ್ಲಿದ್ದರೂ ಬೆರಕೆಯಲ್ಲಿ ಅದು ಬರುವುದಿಲ್ಲ. ಟ್ಯೂಬಿಂದ ಟ್ಯೂಬಿಗೆ ದಾಟುವ ಕಡೆಯಲ್ಲೆಲ್ಲ ನಷ್ಟ.

ಇದನ್ನು ಎಲ್ಲಿ ಬಳಸುತ್ತಾರೆ?

ಸೂಪರ್‌ಕೆಪಾಸಿಟರ್ ಮತ್ತು ಬ್ಯಾಟರಿಯ ವಿದ್ಯುದ್ವಾರ, ನೀರು ಶೋಧಿಸುವ ಪೊರೆ, ಅನಿಲ ಸೆನ್ಸರ್, ಜೀವಕೋಶ ಬೆಳೆಸುವ ಆಸರೆ. ಇವುಗಳಲ್ಲಿ ಸೆನ್ಸರ್ ಕೆಲಸ ಮಾಡುವ ರೀತಿ ಸೊಗಸಾಗಿದೆ. ದ್ರಾವಕದ ಆವಿ ರಂಧ್ರದೊಳಗೆ ಹೋಗುತ್ತದೆ, ಪಾಲಿಮರ್ ಊದಿಕೊಳ್ಳುತ್ತದೆ, ಟ್ಯೂಬ್‌ಗಳ ನಡುವಿನ ಅಂತರ ಒಂದಿಷ್ಟು ಹೆಚ್ಚುತ್ತದೆ. ಸುರಂಗ ಪರಿಣಾಮ ಅಂತರಕ್ಕೆ ಅಷ್ಟು ಸೂಕ್ಷ್ಮವಾಗಿರುವುದರಿಂದ ರೋಧ ಎದ್ದು ಕಾಣುವಂತೆ ಏರುತ್ತದೆ. ಇದಕ್ಕೆ ಪರ್ಕೊಲೇಶನ್ ಮಿತಿಗೆ ಸ್ವಲ್ಪವೇ ಮೇಲಿರುವ ಮಾದರಿ ಬೇಕು. ವಿದ್ಯುದ್ವಾರಕ್ಕೆ ತದ್ವಿರುದ್ಧ, ಮಿತಿಗಿಂತ ಬಹಳ ಮೇಲಿರಬೇಕು. ನೀರಿನ ಪೊರೆಗಳಲ್ಲಿ ವಿದ್ಯುತ್ ಹರಿಸಿ ಮೇಲ್ಮೈಯ ಕೊಳೆ ಅಂಟದಂತೆ ಮಾಡುವ ಪ್ರಯತ್ನಗಳು ನಡೆದಿವೆ. ಶುದ್ಧ ನೀರು ಎಲ್ಲರಿಗೂ ಬೇಕಾದ್ದು, ಹಾಗಾಗಿ ಈ ದಿಕ್ಕಿನ ಕೆಲಸ ಇನ್ನೂ ಹೆಚ್ಚಬೇಕು ಎಂಬುದು ನನ್ನ ಆಸೆ.

ಮೊದಲ ಪ್ರಯೋಗಕ್ಕೆ ಏನು ಆರಿಸಲಿ?

ಬ್ಲಾಕ್ ಕೋಪಾಲಿಮರಿನಿಂದ ಶುರು ಮಾಡಬೇಡಿ. ಸ್ಟೈರೀನ್ ಮತ್ತು ಡೈವಿನೈಲ್‌ಬೆಂಜೀನ್ ತೆಗೆದುಕೊಳ್ಳಿ. ಅಲ್ಯುಮಿನಾ ಮೂಲಕ ಇಳಿಸಿ ತಡೆಕಾರಕ ತೆಗೆಯಿರಿ. ರಂಧ್ರಕ್ಕಾಗಿ ಟಾಲ್ಯೂಈನ್ ಮತ್ತು ಡೋಡೆಕನಾಲ್ ಬೆರಕೆ ಸೇರಿಸಿ. ಟಾಲ್ಯೂಈನ್ ಪಾಲು ಹೆಚ್ಚಿದಷ್ಟೂ ರಂಧ್ರ ಸಣ್ಣದಾಗುತ್ತದೆ, ಡೋಡೆಕನಾಲ್ ಹೆಚ್ಚಿದರೆ ದೊಡ್ಡದು. ಬಹುಗೋಡೆ ಟ್ಯೂಬನ್ನು ಇದರಲ್ಲೇ ಚದುರಿಸಿ. ಗಟ್ಟಿ ಪದಾರ್ಥದ ಲೆಕ್ಕದಲ್ಲಿ ಶೇಕಡಾ 0, 0.25, 0.5, 1, 2 ಹೀಗೆ ಐದು ಮಾದರಿ. ನೈಟ್ರೋಜನ್ ಹಾಯಿಸಿ ಆಮ್ಲಜನಕ ಓಡಿಸಿ, ಎಐಬಿಎನ್ ಎಂಬ ಆರಂಭಕ ಹಾಕಿ, ಮುಚ್ಚಿದ ಗಾಜಿನ ಕೊಳವೆಯಲ್ಲಿ 70 ಡಿಗ್ರಿಯಲ್ಲಿ ಒಂದು ದಿನ ಬಿಡಿ. ಸಾಧ್ಯವಾದರೆ ಕೊಳವೆಯನ್ನು ನಿಧಾನವಾಗಿ ತಿರುಗಿಸುತ್ತಿರಿ, ಇಲ್ಲದಿದ್ದರೆ ಗಟ್ಟಿಯಾಗುವ ಮೊದಲೇ ಟ್ಯೂಬ್ ತಳಕ್ಕೆ ಇಳಿಯುತ್ತದೆ. ಆಮೇಲೆ ದ್ರಾವಕವನ್ನು ಮತ್ತೆ ಮತ್ತೆ ಹಾಯಿಸುವ ಸಾಕ್ಸ್‌ಲೆಟ್ ಉಪಕರಣದಲ್ಲಿ ಮೆಥನಾಲ್‌ನಿಂದ ತೊಳೆಯಿರಿ. ಈ ಗೋಡೆ ಗಟ್ಟಿ, ಮಾಮೂಲಿ ಒಣಗಿಸುವಿಕೆಗೂ ಬಹುಮಟ್ಟಿಗೆ ನಿಲ್ಲುತ್ತದೆ. ರಂಧ್ರ ಒಂದೇ ಗಾತ್ರದ್ದಾಗಿರುವುದಿಲ್ಲ. ಆದರೆ ಟ್ಯೂಬ್, ರಂಧ್ರ, ವಾಹಕತೆ ಮೂರರ ಸಂಬಂಧ ಕೈಗೆ ಸಿಗುತ್ತದೆ.

ಆರೋಗ್ಯಕ್ಕೆ ಅಪಾಯ ಇದೆಯೇ?

ಇದೆ. ಒಣ ಪುಡಿಯಾಗಿರುವಾಗ ಅತಿ ಹೆಚ್ಚು. ಉದ್ದನೆಯ ಗಡುಸು ಬಹುಗೋಡೆ ಟ್ಯೂಬ್ ಇಲಿಗಳಲ್ಲಿ ಕಲ್ನಾರಿನಂಥ ಪರಿಣಾಮ ತೋರಿಸಿದೆ ಎಂದು 2008ರಲ್ಲಿ ವರದಿಯಾಯಿತು. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2014ರಲ್ಲಿ ಎಂಡಬ್ಲ್ಯುಎನ್‌ಟಿ-7 ಎಂಬ ಬಗೆಯನ್ನು 2ಬಿ ಗುಂಪಿಗೆ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರಬಹುದಾದ ಗುಂಪಿಗೆ ಸೇರಿಸಿತು. ಅಮೆರಿಕದ ಕೆಲಸದ ಸುರಕ್ಷತೆಯ ಸಂಸ್ಥೆ ಎನ್‌ಐಒಎಸ್‌ಎಚ್ 2013ರಲ್ಲಿ ಸಲಹೆ ಮಾಡಿದ ಮಿತಿ, 8 ಗಂಟೆಯ ಸರಾಸರಿಯಲ್ಲಿ ಗಾಳಿಯ ಪ್ರತಿ ಘನ ಮೀಟರಿಗೆ 1 ಮೈಕ್ರೋಗ್ರಾಂ. ಕಣ್ಣಿಗೆ ಕಾಣುವ ಧೂಳು ಅದಕ್ಕಿಂತ ಎಷ್ಟೋ ಹೆಚ್ಚು.

ತೂಗುವುದನ್ನು ಮುಚ್ಚಿದ ಪೆಟ್ಟಿಗೆಯಲ್ಲಿ ಮಾಡಿ. ಆದಷ್ಟು ಬೇಗ ದ್ರವಕ್ಕೆ ಸೇರಿಸಿ. ಸಾಧ್ಯವಿದ್ದರೆ ದ್ರವದಲ್ಲೇ ಬರುವ ಟ್ಯೂಬ್ ತರಿಸಿ. ಚೆಲ್ಲಿದರೆ ಒದ್ದೆ ಬಟ್ಟೆಯಿಂದ ಒರೆಸಿ, ಗುಡಿಸಬೇಡಿ. ಸೋನಿಕೇಟರ್ ಕೂಡ ಸಣ್ಣ ಹನಿಗಳನ್ನು ಗಾಳಿಗೆ ಹಾರಿಸುತ್ತದೆ, ಮುಚ್ಚಿಡಿ.

ಬಳಕೆಯಲ್ಲಿ ಟ್ಯೂಬ್ ಕಳಚಿ ಹೊರಬರುತ್ತದೆಯೇ?

ಗೋಡೆಯೊಳಗೆ ಹುದುಗಿದ್ದರೆ ಸುಲಭವಾಗಿ ಬರುವುದಿಲ್ಲ. ಆದರೆ ಒಂದು ಭಾಗವನ್ನು ಕರಗಿಸಿ ತೆಗೆದಾಗ ಅಲ್ಲಿದ್ದ ಟ್ಯೂಬ್ ತುದಿಗಳು ಬಯಲಾಗುತ್ತವೆ. ಮೇಲೆ ಹಾಸಿದ ಟ್ಯೂಬಿನ ಪದರವಂತೂ ನೀರಿನ ಹರಿವಿಗೆ ಕಿತ್ತು ಬರಬಹುದು. ಕುಡಿಯುವ ನೀರಿಗೋ ಜೀವಕೋಶಕ್ಕೋ ಬಳಸುವ ಉದ್ದೇಶ ಇದ್ದರೆ, ಮೊದಲು ಹಲವು ದಿನ ನೀರು ಹಾಯಿಸಿ ಹೊರಬಂದ ನೀರನ್ನು ಸಣ್ಣ ರಂಧ್ರದ ಬಿಳಿ ಶೋಧಕದ ಮೇಲೆ ಹಿಡಿಯಿರಿ. ಶೋಧಕ ಬೂದು ಬಣ್ಣಕ್ಕೆ ತಿರುಗಿದರೆ ಟ್ಯೂಬ್ ಉದುರುತ್ತಿದೆ. ಬಿಳಿಯಾಗಿಯೇ ಉಳಿದರೂ ಅದನ್ನು ರಾಮನ್ ಯಂತ್ರದಡಿ ಇಟ್ಟು ಜಿ ಪಟ್ಟಿ ಇದೆಯೇ ಎಂದು ನೋಡಿ. ಕಣ್ಣಿಗೆ ಕಾಣದಷ್ಟು ಕಡಿಮೆ ಟ್ಯೂಬ್ ಇದ್ದರೂ ಅದು ಅಲ್ಲಿ ಸಿಕ್ಕಿಬೀಳುತ್ತದೆ. ಮಾದರಿಯನ್ನು ಕತ್ತರಿಸಿದ ಅಂಚುಗಳಿಂದಲೇ ಹೆಚ್ಚು ಉದುರುವುದು, ಹಾಗಾಗಿ ಅಂಚುಗಳನ್ನು ಎಪಾಕ್ಸಿಯಿಂದ ಮುಚ್ಚಿ ಇನ್ನೊಮ್ಮೆ ಪರೀಕ್ಷಿಸಿ.